ನನ್ನ ಬಾಣಂತನ

ಕಾಯಿಲೆಗಳಲ್ಲೂ ದೊಡ್ಡಸ್ತಿಕೆಯವು, ಬಡಪಾಯಿಯವು ಎಂದು ಎರಡು ಬಗೆ ಉಂಟು ಎನ್ನುವುದು ನನಗೆ ಗೊತ್ತಾದದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ತಲೆನೋವು ಮರ್ಯಾದಸ್ಥರ ಕಾಯಿಲೆ. ಹಣೆಗೆ ಪಟ್ಟಿ ಕಟ್ಟಿಕೊಂಡು ಕಚೇರಿಗೆ ಹೋದರೆ ತಹಸೀಲ್ದಾರರೇ "ಇವತ್ತ ಮನಿಗೆ ಹೋಗ್ರಿ" ಎನ್ನುತ್ತಾರೆ. ಎದೆನೋವು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಅದನ್ನು ಹೇಳಿಕೊಳ್ಳುವಾಗ ಕೈಯನ್ನು ಎದೆಯ ಮೇಲೆ ಇಟ್ಟುಕೊಳ್ಳಬಹುದು, ನೋಡುವವರಿಗೂ ಚೆಂದ ಕಾಣುತ್ತದೆ. ಸಕ್ಕರೆ ಕಾಯಿಲೆಯಂತೂ ಕೇಳುವುದೇ ಬೇಡ. "ನನಗ ಸಕ್ರಿ ಬ್ಯಾನಿ ಐತ್ರಿ" ಎನ್ನುವ ಸಾಹುಕಾರರ ದನಿಯಲ್ಲಿ ಹೊಸ ಮಾಳಿಗೆ ಮನೆ ಕಟ್ಟಿಸಿದವರ ಸಂಕೋಚವಿರುತ್ತದೆ. ಆದರೆ ಕಾಯಿಲೆ ಸೊಂಟದಿಂದ ಕೆಳಕ್ಕೆ ಇಳಿಯಿತೋ, ಅದರಲ್ಲೂ ಹಿಂಬದಿಗೆ ತಿರುಗಿತೋ, ಮನುಷ್ಯ ಮಾತು ನುಂಗುವುದನ್ನು ಕಲಿಯಬೇಕು. ಯಾರಾದರೂ "ಏನಾಗೇತ್ರಿ?" ಎಂದರೆ "ಹೊಟ್ಟಿ ಸ್ವಲ್ಪ ಬರೋಬ್ಬರಿ ಇಲ್ಲ" ಎನ್ನಬೇಕು. ನಾನು ಎರಡು ವರ್ಷ ಹಾಗೆಯೇ ಅಂದೆ. ಹಾಗೆ ಅನ್ನುತ್ತಲೇ ಪ್ರಾಣ ಬಿಡುವ ಹಂತಕ್ಕೆ ಬಂದೆ.

ನಾನು ಲಿಂಗಸುಗೂರಿನ ತಹಸೀಲ್ ಕಚೇರಿಯಲ್ಲಿ ಗುಮಾಸ್ತ. ನಿಜಾಮರ ಕಾಲದಲ್ಲಿ ಉರ್ದು ಬರೆದು ಪಳಗಿದ ಕೈ, ಪೊಲೀಸ್ ಆಕ್ಷನ್ ಆದಮೇಲೆ ಎಡದಿಂದ ಬಲಕ್ಕೆ ಬರೆಯುವುದನ್ನು ಹೊಸದಾಗಿ ಕಲಿಯುತ್ತಿತ್ತು. ರಕ್ತ ಬೀಳಲು ಶುರುವಾದಾಗ ಅದು ಕುಳಿತು ಬರೆಯುವವರಿಗೆಲ್ಲ ಬರುವಂಥದೇ ಎಂದು ಸುಮ್ಮನಿದ್ದೆ. ಹಕೀಮರು ಬವಾಸೀರ್ ಎಂದರು, ವೈದ್ಯರು ಮೂಲವ್ಯಾಧಿ ಎಂದರು. ಎರಡೂ ಒಂದೇ ಎಂದು ಗೊತ್ತಿಲ್ಲದೆ ಇಬ್ಬರ ಔಷಧಿಯನ್ನೂ ತಿಂದೆ. ಕೊನೆಗೆ ರಾಯಚೂರಿನ ಡಾಕ್ಟರೊಬ್ಬರು ಕೈಗವಸು ಹಾಕಿಕೊಂಡು ಪರೀಕ್ಷೆ ಮಾಡಿದವರು ಕೈ ತೊಳೆದು, ಒಂದು ಚೀಟಿ ಬರೆದು, ಅದೇ ವಾರ ಹೈದರಾಬಾದಿನ ದೊಡ್ಡ ದವಾಖಾನೆಗೆ ಹೋಗಬೇಕೆಂದರು. ಕರುಳಿನ ತುದಿಯಲ್ಲಿ ಗಡ್ಡೆ ಬೆಳೆದಿತ್ತು.

ಅಲ್ಲಿಯ ಸರ್ಜನ್ ಸಾಹೇಬರು ಆಪರೇಷನ್ನಿಗೆ ಮೊದಲೇ ಎಲ್ಲವನ್ನೂ ಬಿಡಿಸಿ ಹೇಳಿದ್ದರಂತೆ. ನಾನು ಕಚೇರಿಯ ರೂಢಿಯಂತೆ ಮಾತು ಮಾತಿಗೂ "ಜೀ ಹಾಂ, ಜೀ ಹಾಂ" ಎಂದು ತಲೆಯಾಡಿಸಿ, ತೋರಿಸಿದ ಕಡೆ ಸಹಿ ಮಾಡಿದ್ದೆ. ಮೂವತ್ತು ವರ್ಷ ರೈತರಿಂದ ಓದದೆ ಹೆಬ್ಬೆಟ್ಟು ಒತ್ತಿಸಿಕೊಂಡ ನನಗೆ ಆ ದಿನ ದೇವರು ಸರಿಯಾಗಿಯೇ ಮಾಡಿದ. ಎಚ್ಚರವಾದಾಗ ಹೊಟ್ಟೆಯ ಎಡಗಡೆ, ಹೊಕ್ಕುಳಿನಿಂದ ನಾಲ್ಕು ಬೆರಳು ಆಚೆ, ಕೆಂಪಗೆ ಗುಂಡಗೆ ಏನೋ ಒಂದು ಹೊರಗೆ ಇಣುಕುತ್ತಿತ್ತು. ಸಾಹೇಬರು ಹಾಸಿಗೆಯ ಬಳಿ ಬಂದು, "ಗುಮಾಸ್ತೆ ಸಾಬ್, ಪುರಾನಾ ರಾಸ್ತಾ ಬಂದ್ ಕರ್ ದಿಯೇ. ನಯಾ ಖೋಲ್ ದಿಯೇ. ಅಬ್ ಜಿಂದಗೀ ಭರ್ ಯಹೀಚ್" ಎಂದರು. ಹಳೆಯ ದಾರಿ ಮುಚ್ಚಿತು, ಬದುಕಿರುವ ತನಕ ಇದೇ ದಾರಿ. ನಾನು ಆಗಲೂ "ಜೀ ಹಾಂ" ಎಂದೆ. ಅರ್ಥವಾದದ್ದು ಮರುದಿನ, ಯಾವ ಮುನ್ಸೂಚನೆಯೂ ಇಲ್ಲದೆ ಆ ಹೊಸ ದಾರಿಯಲ್ಲಿ ಸಂಚಾರ ಶುರುವಾದಾಗ. ಹಿಡಿದುಕೊಳ್ಳೋಣವೆಂದರೆ ಹಿಡಿಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ನಮ್ಮ ಇಲಾಖೆಯಲ್ಲಿ ಗಿರದಾವರ ಎಂಬ ಅಧಿಕಾರಿ ಇರುತ್ತಾನೆ. ಊರೂರು ತಿರುಗಿ ತಪಾಸಣೆ ಮಾಡುವುದು ಅವನ ಕೆಲಸ. ಬರುತ್ತೇನೆಂದ ದಿನ ಬರುವುದಿಲ್ಲ, ಊಟಕ್ಕೆ ಕುಳಿತಾಗ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ನನ್ನ ಹೊಸ ದಾರಿಗೆ ನಾನು ಅವನ ಹೆಸರನ್ನೇ ಇಟ್ಟೆ. ಗಿರದಾವರನಿಗೆ ದನಿಯೂ ಇತ್ತು. ಒಮ್ಮೊಮ್ಮೆ ಕಪ್ಪೆಯಂತೆ ಒಂದೇ ಸಲ, ಒಮ್ಮೊಮ್ಮೆ ಉದ್ದಕ್ಕೆ, ಅದೂ ಎದುರಿಗಿದ್ದವರು ಮಾತು ನಿಲ್ಲಿಸಿದ ಕ್ಷಣದಲ್ಲೇ. ದವಾಖಾನೆಯವರು ಅವನ ಬಾಯಿಗೆ ಕಟ್ಟಲು ಒಂದು ರಬ್ಬರಿನ ಬಟ್ಟಲು, ಅದಕ್ಕೊಂದು ಪಟ್ಟಿ, ದಿನಾ ಬೆಳಿಗ್ಗೆ ನೀರು ಬಿಟ್ಟು ಒಳಗೆ ತೊಳೆಯಲು ನಳಿಗೆ ಇರುವ ಒಂದು ಬಿಳಿ ಡಬ್ಬಿ, ಇಂಗ್ಲಿಷಿನಲ್ಲಿ ಬರೆದ ಒಂದು ಪಥ್ಯದ ಕಾಗದ, ಇಷ್ಟು ಕೊಟ್ಟು ಕಳಿಸಿದರು. ಹಿಂದೆ ಹೊಲಿಗೆ ಹಾಕಿದ ಜಾಗ ನೋಯುತ್ತಿದ್ದುದರಿಂದ ಸರಿಯಾಗಿ ಕುಳಿತುಕೊಳ್ಳಲೂ ಆಗದು. ರಾಯಚೂರಿನಿಂದ ಲಿಂಗಸುಗೂರಿನ ತನಕ ಬಸ್ಸಿನಲ್ಲಿ ನಿಂತೇ ಬಂದೆ. "ಸೀಟು ಖಾಲಿ ಐತ್ರೀ" ಎಂದು ದಾರಿಯುದ್ದಕ್ಕೂ ಮೂವರು ಹೇಳಿದರು.

ಮನೆ ಸೇರಿದವನು ನೇರವಾಗಿ ಒಳಗಿನ ಕೋಣೆಗೆ ನಡೆದು ಅಗುಳಿ ಹಾಕಿಕೊಂಡೆ. ನಮ್ಮ ಮನೆ ದೊಡ್ಡದೇನಲ್ಲ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಅದರ ಮಗ್ಗುಲಲ್ಲಿ ಬಾಗಿಲಿರುವ ಒಂದೇ ಒಂದು ಕೋಣೆ, ಕೋಣೆಗೆ ಹತ್ತಿ ಬಚ್ಚಲು. ಗಾಳಿ ಬೆಳಕು ಕಡಿಮೆ. ಅದಕ್ಕೆ ಬಾಣಂತಿ ಕೋಣೆ ಎಂದೇ ಹೆಸರು. ನಾನು ಹುಟ್ಟಿದ್ದು ಅಲ್ಲಿಯೇ. ಹೆಂಡತಿ ಶಂಕ್ರಮ್ಮ ನನ್ನ ಊಟದ ತಟ್ಟೆ ಅಡುಗೆಮನೆಯಲ್ಲಿ ಇಟ್ಟರೆ ನಾನು ಅದನ್ನು ಕೋಣೆಗೆ ತರಿಸಿಕೊಳ್ಳುತ್ತಿದ್ದೆ. ನನಗೊಂದು ಬೇರೆ ಚೊಂಬು, ಬೇರೆ ಚಾಪೆ. ಅವಳು ಒಳಗೆ ಬಂದರೆ "ಅಲ್ಲೇ ನಿಲ್ಲು" ಎನ್ನುತ್ತಿದ್ದೆ. ಹತ್ತು ದಿನ ತಾಳಿದವಳು ಹನ್ನೊಂದನೆಯ ದಿನ ತಟ್ಟೆಯನ್ನು ಹೊಸ್ತಿಲ ಮೇಲೆ ಕುಕ್ಕಿ, "ನಾ ಏನ ನಿಮ್ಮನ್ನ ಹೊರಗ ಹಾಕೀನೇನ್ರಿ? ನೀವ ನಿಮ್ಮನ್ನ ಹೊರಗ ಹಾಕ್ಕೊಂಡೀರಿ" ಎಂದಳು. ನಾನು ರೋಗಿಗಳಿಗೆ ಒಪ್ಪುವ ಒಂದು ನಿಟ್ಟುಸಿರು ಬಿಟ್ಟೆ. ಅದಕ್ಕೆ ಸರಿಯಾಗಿ ಗಿರದಾವರನೂ ಒಂದು ಬಿಟ್ಟ.

ಬೇಸಿಗೆ ಬಂತು. ಲಿಂಗಸುಗೂರಿನ ಬೇಸಿಗೆಗೆ ಕಲ್ಲು ಸೀಳುತ್ತದೆ, ರಬ್ಬರು ಯಾವ ಲೆಕ್ಕ? ಬಟ್ಟಲು ಮೊದಲು ಅಂಟಂಟಾಯಿತು, ಆಮೇಲೆ ಹಪ್ಪಳದಂತೆ ಬಿರಿಯಿತು. ದಿನಕ್ಕೆ ಆರು ಧೋತರ ಬದಲಿಸುವ ಹಾಗಾಯಿತು. ಹೊಸದನ್ನು ಕಳಿಸಿರೆಂದು ಹೈದರಾಬಾದಿಗೆ ಬರೆದ ಕಾಗದಕ್ಕೆ, ವಿಲಾಯತಿಯಿಂದ ಮಾಲು ಬಂದಾಗ ತಿಳಿಸುತ್ತೇವೆ ಎಂಬ ಉತ್ತರ ಬಂತು. ಇಡೀ ದೇಶದಿಂದ ಇಂಗ್ಲಿಷರನ್ನು ಓಡಿಸಿ ಆಗಿತ್ತು, ನನ್ನ ಹೊಟ್ಟೆಯ ಬಾಗಿಲು ಮಾತ್ರ ಅವರ ಕೈಯಲ್ಲಿಯೇ ಉಳಿದಿತ್ತು. ಈ ಹಂತದಲ್ಲಿ ಶಂಕ್ರಮ್ಮ ನನ್ನನ್ನು ಕೇಳದೆ ಮಸ್ಕಿಗೆ ಹೇಳಿ ಕಳಿಸಿದಳು.

ಮಸ್ಕಿಯಲ್ಲಿರುವುದು ನನ್ನ ತಂದೆಯ ತಂಗಿ ಗುರಮ್ಮತ್ತೆ. ವಯಸ್ಸು ಎಪ್ಪತ್ತು ದಾಟಿತ್ತು. ಸಿಂಧನೂರಿನಿಂದ ಗುರುಗುಂಟಾದ ತನಕ ನಮ್ಮ ಬಳಗದಲ್ಲಿ ಯಾವ ಹೆಣ್ಣುಮಗಳು ಹೆತ್ತರೂ ಬಾಣಂತನಕ್ಕೆ ಆಕೆಯೇ ಆಗಬೇಕು. ಆಕೆಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ, ಅದು ಪೂರ್ತಿ ಗೊತ್ತಿತ್ತು. ಬಸ್ಸಿಳಿದು ಬಂದವಳು ಗಂಟು ಇಳಿಸಿ, ಕೈಕಾಲು ತೊಳೆದು, ಕೋಣೆಯ ಬಾಗಿಲನ್ನು ಕಾಲಿನಿಂದಲೇ ತಳ್ಳಿದಳು.

"ಎಲ್ಲಿ, ತೋರಸು."

"ಬ್ಯಾಡ ಅತ್ತಿ."

"ನೀ ಹುಟ್ಟಿದಾಗ ನಿನ್ನ ಮೊದಲ ತೊಳದಾಕಿ ನಾನು. ಆವಾಗ ನೀ ಬ್ಯಾಡ ಅಂದಿದ್ದಿಲ್ಲ. ಅಂಗಿ ಎತ್ತಲೇ."

ನಲವತ್ತೆಂಟು ವರ್ಷದ ಸರಕಾರಿ ನೌಕರ ಅಂಗಿ ಎತ್ತಿದ. ಆಕೆ ಬಗ್ಗಿ ನೋಡಿದಳು, ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿದಳು. ಮುಖ ಕಿವಿಚುತ್ತಾಳೇನೋ ಎಂದು ನಾನು ಕಣ್ಣು ಮುಚ್ಚಿಕೊಂಡಿದ್ದೆ. "ಕೆಂಪಗ ಐತಿ, ಬೆಚ್ಚಗ ಐತಿ. ಚೊಲೋ ಐತಿ. ಇದಕ್ಯಾಕ ಇಷ್ಟ ಹೆದರ್ತಿ?" ಎಂದವಳು ಶಂಕ್ರಮ್ಮನ ಕಡೆ ತಿರುಗಿ, "ಹೊಟ್ಟಿ ಬಿಚ್ಚ್ಯಾರ, ರಕ್ತ ಹೋಗೇತಿ, ಮೈಯಾಗ ಗಾಳಿ ಹೊಕ್ಕೇತಿ. ಗಂಡಾದರೇನು, ಹೆಣ್ಣಾದರೇನು? ಬಾಣಂತನ ಮಾಡಬೇಕು, ಅಷ್ಟ" ಎಂದು ತೀರ್ಪು ಕೊಟ್ಟಳು. ಯಾರೂ ನನ್ನ ಅಭಿಪ್ರಾಯ ಕೇಳಲಿಲ್ಲ.

ಮರುದಿನದಿಂದ ನನ್ನ ಬಾಣಂತನ ಶುರುವಾಯಿತು. ತಲೆಗೆ ಬಟ್ಟೆ ಕಟ್ಟಿದರು, ಕಿವಿಗೆ ಅರಳೆ ತುರುಕಿದರು. ಬಾಗಿಲಿಗೆ ಬೇವಿನ ಟೊಂಗೆ, ದಿಂಬಿನ ಕೆಳಗೆ ಕಬ್ಬಿಣದ ತುಂಡು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ನನ್ನ ಹೊರಸಿನ ಕೆಳಗೆ ಕೆಂಡ, ಕೆಂಡದ ಮೇಲೆ ಲೋಬಾನ ಮತ್ತು ಅಜವಾನ. ಹೊಗೆ ಎಷ್ಟಿತ್ತೆಂದರೆ ಬೇಲಿಯಾಚೆಯ ಮನೆಯವರು ಒಂದು ಸಲ ನೀರಿನ ಕೊಡ ಹಿಡಿದು ಓಡಿ ಬಂದರು. ಮೂರು ಹೊತ್ತೂ ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಗಿ, ಅಳವಿ ಬೀಜದ ಪಾಯಸ, ನಡುವೆ ಬಾಯಾಡಿಸಲು ಅಂಟಿನ ಉಂಡಿ. ಡಾಕ್ಟರರ ಕಾಗದದಲ್ಲಿ ಬೆಳ್ಳುಳ್ಳಿ ಬೇಡವೆಂದು ಇದೆ ಎಂದು ನಾನು ಓದಿ ತೋರಿಸಿದೆ. "ಆ ಡಾಕ್ಟರ ಎಷ್ಟ ಬಾಣಂತನ ಮಾಡ್ಯಾನ?" ಎಂದು ಅತ್ತೆ ಕೇಳಿದಳು. ಆ ವಿವರ ಕಾಗದದಲ್ಲಿ ಇರಲಿಲ್ಲ. ಬೆಳ್ಳುಳ್ಳಿಗೆ ಗಿರದಾವರ ಮೂರು ದಿನ ಎಡೆಬಿಡದೆ ಭಾಷಣ ಮಾಡಿದ ಮೇಲೆ ಆಕೆಯೇ "ನಿನಗ ಇದು ಆಗಿ ಬರಂಗಿಲ್ಲ ನೋಡು" ಎಂದು, ತಾನೇ ಕಂಡುಹಿಡಿದವಳಂತೆ ನಿಲ್ಲಿಸಿದಳು. ಬಚ್ಚಲಿನ ಮೊಳೆಗೆ ನೇತುಹಾಕಿದ್ದ ನಳಿಗೆಯ ಡಬ್ಬಿಯನ್ನು ಪಕ್ಕದ ಮನೆಯಾಕೆ ಕಂಡು ಕೇಳಿದಾಗ ಅತ್ತೆ ಅದು ಹೈದರಾಬಾದಿನ ಚಹಾದ ಕೆಟ್ಲಿ ಎಂದುಬಿಟ್ಟಳು. ಮರುವಾರ ಆಕೆಯ ಮನೆಗೆ ನೆಂಟರು ಬಂದರು, ಕೆಟ್ಲಿಯನ್ನು ಎರವಲು ಕೇಳಲು ಆಕೆ ಬಂದಳು. ಕೊಡದೆ ಕಳಿಸುವಷ್ಟರಲ್ಲಿ ಶಂಕ್ರಮ್ಮನಿಗೆ ಸಾಕುಸಾಕಾಯಿತು, ಆ ಮನೆಯವರು ಇವತ್ತಿಗೂ ನಮ್ಮನ್ನು ಜಿಪುಣರೆಂದೇ ತಿಳಿದಿದ್ದಾರೆ.

ಇಷ್ಟೆಲ್ಲ ಸಿಡಿಮಿಡಿಗುಟ್ಟುತ್ತಿದ್ದ ನಾನು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಸರ್ಜನ್ ಸಾಹೇಬರಿಂದ ಆಗದ ಒಂದು ಕೆಲಸವನ್ನು ಅತ್ತೆ ಮಾಡಿದಳು. ಕೊಡ ಹೊರುವವರು ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬಿಯನ್ನು ದೊಡ್ಡದಾಗಿ ಸುತ್ತಿ ಕೊಟ್ಟಳು. ಅದರ ಮೇಲೆ ನಾನು ನೋವಿಲ್ಲದೆ ಕುಳಿತೆ. ಹಳೆಯ ಇಳಕಲ್ ಸೀರೆ ಹರಿದು ಮೆತ್ತನೆಯ ಮಡಿಕೆಗಳನ್ನು ಮಾಡಿ, ಗಿರದಾವರನ ಮೇಲೆ ಇಟ್ಟು, ಬಾಣಂತಿಗೆ ಹೊಟ್ಟೆ ಕಟ್ಟುವ ಹಾಗೆ ಉದ್ದನೆಯ ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಬಲಗಡೆ ಗಂಟು ಹಾಕಿದಳು. ಬೆಳಿಗ್ಗೆ ಎದ್ದು ನೀರು ಬಿಟ್ಟು ತೊಳೆದುಕೊಂಡು ಹೀಗೆ ಕಟ್ಟಿಕೊಂಡರೆ ಸಂಜೆಯ ತನಕ ಒಂದು ಹನಿಯೂ ಹೊರಗೆ ಬರುತ್ತಿರಲಿಲ್ಲ. ಬಟ್ಟೆಯನ್ನು ಎಷ್ಟು ಮಡಿಕೆ ಮಡಚಬೇಕು, ತಣ್ಣೀರಿನಲ್ಲಿ ಎಷ್ಟು ಹೊತ್ತು ನೆನೆಹಾಕಬೇಕು, ಬಿಸಿಲಿಗೆ ಹಾಕುವಾಗ ಮೇಲೊಂದು ಸೀರೆ ಹೊದಿಸಿ ಯಾರ ಕಣ್ಣಿಗೂ ಬೀಳದಂತೆ ಹೇಗೆ ಒಣಗಿಸಬೇಕು, ಎಲ್ಲ ಅತ್ತೆಗೂ ಶಂಕ್ರಮ್ಮನಿಗೂ ಮೊದಲೇ ಗೊತ್ತಿತ್ತು. ನಮ್ಮ ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ಮೂವತ್ತು ವರ್ಷದಿಂದ ಇತ್ತು. ಸೀರೆಯ ಕೆಳಗೆ ಇನ್ನೊಂದು ಬಟ್ಟೆ ಇರುತ್ತದೆಂದು ನಾನು ಒಂದು ದಿನವೂ ಯೋಚಿಸಿದವನಲ್ಲ. ಮೈಯಿಂದ ತನ್ನಷ್ಟಕ್ಕೆ ಹರಿಯುವುದನ್ನು ಕಟ್ಟಿಕೊಂಡೇ ಶಂಕ್ರಮ್ಮ ಮೂವತ್ತು ವರ್ಷ ರೊಟ್ಟಿ ಬಡಿದಿದ್ದಳು, ಬೀಗರನ್ನು ನಗುನಗುತ್ತಾ ಮಾತಾಡಿಸಿದ್ದಳು. ನನಗೆ ನಾಚಿಕೆಯಾಯಿತು. ಹಾಗೆಂದು ಅವಳಿಗೆ ಹೇಳಿದೆ. "ಈಗರ ಗೊತ್ತಾತಲ್ಲ" ಎಂದು ಅವಳು ಹಗ್ಗದ ಕಡೆ ಹೋದಳು.

ಸೋರುವುದು ನಿಂತರೂ ನಾನು ಕೋಣೆ ಬಿಡಲಿಲ್ಲ. ಬಟ್ಟೆ ವಾಸನೆಯನ್ನಾದರೂ ತಡೆಯಬಹುದು, ದನಿಯನ್ನು ತಡೆಯುವುದೆಂತು? ಅಷ್ಟರಲ್ಲಿ ಜವಳಗೇರಾದಿಂದ ಸುದ್ದಿ ಬಂತು. ನಮ್ಮ ಮಗಳು ನೀಲಮ್ಮನನ್ನು ಕೊಟ್ಟ ಊರು ಅದು. ಅವಳಿಗೆ ಚೊಚ್ಚಲು, ಏಳು ತಿಂಗಳು ತುಂಬಿತ್ತು. ಕುಬಸದ ಶಾಸ್ತ್ರ ಮುಗಿಸಿ ಹೆರಿಗೆಗೆ ತವರಿಗೆ ಕರೆದುಕೊಂಡು ಬರಬೇಕು. ತವರಿನಲ್ಲಿ ಬಾಣಂತಿ ಕೋಣೆ ಒಂದೇ, ಅದರಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಅವಳ ಅಪ್ಪ ಮಲಗಿದ್ದ. ನಾನು ಬಹಳ ಯೋಚನೆ ಮಾಡಿ ಒಂದು ಉಪಾಯ ಹೇಳಿದೆ. "ಜವಳಗೇರಾಕ್ಕ ಈಗ ಕಾಲಿವಿ ನೀರ ಬಂದೈತಿ. ನೆಲ್ಲು ಬೆಳೀತಾರ, ಎರಡೂ ಹೊತ್ತು ಅನ್ನ ಉಣ್ತಾರ. ಹೆರಿಗಿ ಅಲ್ಲೇ ಆಗಲಿ ಬಿಡು."

ಶಂಕ್ರಮ್ಮನ ಕೈಯಲ್ಲಿದ್ದ ಮೊರ ನಿಂತಿತು. "ನೀರ ಬಂದೈತಿ ಅಂತ ಚೊಚ್ಚಲ ಹೆರಿಗಿ ಅತ್ತಿಮನ್ಯಾಗ ಮಾಡಸ್ತೀರೇನು? ನಾ ಏನ ಸತ್ತೀನಾ?" ಎಂದಳು. ಮೊದಲ ಹೆರಿಗೆಗೆ ತವರಿಗೆ ಬಾರದ ಮಗಳು ನಾಲ್ಕು ಜನರ ಬಾಯಲ್ಲಿ ಜೀವಮಾನವಿಡೀ ಮಾತಾಗುತ್ತಾಳೆ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದೆ. ಕುಬಸಕ್ಕೆ ಶಂಕ್ರಮ್ಮ ಒಬ್ಬಳೇ ಹೋದಳು.

ನೀಲಮ್ಮನನ್ನು ಬಿಟ್ಟುಹೋಗಲು ಬೀಗರು ವೀರನಗೌಡರೇ ಜೊತೆಗೆ ಬಂದರು. ಗಟ್ಟಿಮುಟ್ಟು ಆಳು, ಮಾತು ಕಡಿಮೆ. ನಾನು ಕೋಣೆಯ ಬಾಗಿಲನ್ನು ಎರಡು ಬೆರಳಷ್ಟು ತೆರೆದು ಶರಣು ಹೇಳಿದೆ. ಅವರು ಆ ಸಂದಿಯ ಮುಂದೆ ಬಂದು ನಿಂತು, "ಬೀಗ್ರ, ನಿಮಗ ತ್ರಾಸ ಆಗೂದಿದ್ರ ಹೇಳ್ರಿ. ಬಾಣಂತನ ನಮ್ಮಲ್ಲೇ ಮಾಡ್ಕೋತೀವಿ" ಎಂದರು. ನಾನು ಬಯಸಿದ ಮಾತೇ ಅದು. ಅವರ ಬಾಯಿಂದ ಬಂದಾಗ ಮಾತ್ರ ಕೆನ್ನೆಗೆ ಹೊಡೆದಂತಾಯಿತು. ಅಷ್ಟರಲ್ಲಿ ನೀಲಮ್ಮ ಮಾವನನ್ನು ದಾಟಿ ಬಂದು ಬಾಗಿಲನ್ನು ಪೂರ್ತಿ ತೆರೆದಳು.

"ಯಪ್ಪಾ, ಕೋಣಿ ಬಿಡು."

"ನನ್ನ ಹೊಟ್ಟಿ ನೋಡವಾ, ನೀಲಾ..."

"ನನ್ನ ಹೊಟ್ಟಿ ನೋಡು ನೀ" ಎಂದಳು.

ನೋಡಿದೆ. ಅದರ ಮುಂದೆ ನನ್ನದು ಏನೂ ಅಲ್ಲ. ಸಿಂಬಿ, ಚೊಂಬು, ಚಾಪೆ ಎತ್ತಿಕೊಂಡು, ಮೂರು ತಿಂಗಳ ಮೇಲೆ ಪಡಸಾಲೆಗೆ ಬಂದೆ. ಬೆಳಕಿಗೆ ಕಣ್ಣು ಕುಕ್ಕಿತು.

ಪಡಸಾಲೆಯ ಬಾಳು ಹೇಗಿತ್ತೆಂದು ಏನು ಹೇಳಲಿ! ಬೀದಿಯಲ್ಲಿ ಹೋಗುವವರೆಲ್ಲ ಒಳಗೆ ಇಣುಕುವವರೇ, ಇಣುಕಿದವರೆಲ್ಲ ಬಂದು ಕೂರುವವರೇ. ಕುಳಿತವರು "ಈಗ ಹ್ಯಾಂಗದೀರಿ?" ಎಂದು ಕೇಳಿ ನನ್ನ ಹೊಟ್ಟೆಯನ್ನೇ ನೋಡುತ್ತಾ ಉತ್ತರಕ್ಕೆ ಕಾಯುವರು. ಉತ್ತರ ಅಲ್ಲಿಂದಲೇ ಬರುತ್ತಿತ್ತು. ಅದನ್ನು ಮುಚ್ಚಲು ನಾನು ಜೋರಾಗಿ ಕೆಮ್ಮುವುದನ್ನು ರೂಢಿ ಮಾಡಿಕೊಂಡೆ. ಇದು ಒಂದು ವಾರ ಚೆನ್ನಾಗಿ ನಡೆಯಿತು. ಎರಡನೆಯ ವಾರ ನನಗೆ ಕ್ಷಯ ತಗಲಿದೆ ಎಂದು ಕಚೇರಿಯಲ್ಲಿ ಸುದ್ದಿ. ಮೂರನೆಯ ವಾರ ಜನ ಬಂದು ಬಾಗಿಲಿನಿಂದಲೇ ಮಾತಾಡಿಸಿ ಹೋಗತೊಡಗಿದರು, ಒಬ್ಬರು ಆಡಿನ ಹಾಲು ಕಳಿಸಿದರು. ಕ್ಷಯ ನನಗಿಲ್ಲವೆಂದು ಸಾಧಿಸಬೇಕಾದರೆ ಇರುವುದು ಏನೆಂದು ಹೇಳಬೇಕು. ಅದಕ್ಕಿಂತ ಕ್ಷಯವೇ ವಾಸಿ ಎಂದು ಸುಮ್ಮನೆ ಕೆಮ್ಮಿದೆ.

ನೀಲಮ್ಮ ಹೆಣ್ಣು ಹೆತ್ತಳು. ಎರಡು ದಿನ ಒದ್ದಾಡಿ ಹೆತ್ತಳು. ಆ ಎರಡು ದಿನ ನನಗೆ ಗಿರದಾವರನ ನೆನಪೇ ಆಗಲಿಲ್ಲ. ಕೂಸು ಅತ್ತ ಸದ್ದು ಕೇಳಿ ನಾನೂ ಅತ್ತೆ. ಆದರೆ ಅರ್ಧ ಗಳಿಗೆಯಲ್ಲಿ ನನ್ನ ಪಾಲಿನ ಅನ್ಯಾಯಗಳು ಶುರುವಾದವು. ಗುರಮ್ಮತ್ತೆ ನನ್ನ ಕೆಂಡದ ಬೋಗುಣಿ ಒಯ್ದಳು, ಲೋಬಾನ ಒಯ್ದಳು, ಬೇವಿನ ಟೊಂಗೆ ಬದಲಿಸಿದಳು, ಕೊನೆಗೆ ಅಂಟಿನ ಉಂಡಿಯ ಡಬ್ಬಿಗೂ ಕೈ ಹಾಕಿದಳು. "ಅತ್ತಿ, ಅದು ನಂದು" ಎಂದೆ. "ನಿನ್ನ ಬಾಣಂತನ ಮುಗೀತು. ಜ್ವಾಳದ ರೊಟ್ಟಿ ತಿನ್ನು" ಎಂದಳು. ಸಿಟ್ಟಿನಲ್ಲಿ ಎರಡು ರೊಟ್ಟಿ ತಿಂದೆ, ಪುಂಡಿಪಲ್ಯ ಹಾಕಿಸಿಕೊಂಡು. ಏನೂ ಆಗಲಿಲ್ಲ. ಏನಾದರೂ ಆಗಲಿ ಎಂಬ ಆಸೆ ನನಗಿದ್ದದ್ದು ನಿಜ.

ಇನ್ನು ಕೂಸಿನ ವೈಭೋಗ ನೋಡಬೇಕು. ಅದೂ ನನ್ನ ಹಾಗೆಯೇ ಹೊತ್ತಿಲ್ಲ ಗೊತ್ತಿಲ್ಲ, ಯಾರ ಮುಂದೆಂದರೆ ಅವರ ಮುಂದೆ. ವ್ಯತ್ಯಾಸವಿಷ್ಟೇ: ಅದು ಮಾಡಿದರೆ ಮನೆಯ ಹೆಂಗಸರೆಲ್ಲ ಓಡಿ ಬಂದು ಬಗ್ಗಿ ನೋಡುವರು. "ಬಂಗಾರದ ಬಣ್ಣ ಐತಿ ನೋಡ್ರಿ" ಎಂದು ಗುರಮ್ಮತ್ತೆ ಬಟ್ಟೆಯನ್ನು ಎತ್ತಿ ತೋರಿಸುವಳು. ಮಾಡದಿದ್ದರೆ ಎಲ್ಲರಿಗೂ ಚಿಂತೆ. ಅದನ್ನೇ ನಾನು ಆರು ತಿಂಗಳಿಂದ ಮಾಡಿಕೊಂಡು ಬಂದಿದ್ದರೂ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಬೀಗರು ಬಂದರು. ಕಾಲುವೆಗೆ ನೀರು ಬಂದಮೇಲೆ ಮನೆಗೆ ಬಂದ ಮೊದಲ ಕೂಸು ಎಂದು ಗಂಗಾ ಎಂಬ ಹೆಸರನ್ನು ಅವರೇ ಹೇಳಿದರು. ಹೆಸರಿಟ್ಟಾದ ಮೇಲೆ ನನ್ನ ತೊಡೆಗೆ ಕೂಸನ್ನು ಕೊಟ್ಟರು. ಪಡಸಾಲೆ ತುಂಬ ಜನ. ಯಾರೋ ಮುದುಕರು ಆಶೀರ್ವಾದದ ಮಾತಿಗೆ ಬಾಯಿ ತೆರೆದರು, ಎಲ್ಲರೂ ಸುಮ್ಮನಾದರು, ಗಿರದಾವರ ಉದ್ದಕ್ಕೆ ಒಂದು ಕೊಟ್ಟ. ಕೆಮ್ಮುವುದಕ್ಕೂ ಹೊತ್ತಿರಲಿಲ್ಲ. ಎಲ್ಲರ ಕಣ್ಣೂ ನನ್ನ ಕಡೆ. ನಾನು ಮೆಲ್ಲಗೆ ಕತ್ತು ಬಗ್ಗಿಸಿ ಕೂಸಿನ ಮುಖ ನೋಡಿದೆ, ಅಷ್ಟೇ. ಜನ ಘೊಳ್ಳೆಂದು ನಕ್ಕರು. "ಅಬ್ಬಾ, ಏನ ಕೂಸ್ರೀ! ಗಟ್ಟಿ ಐತಿ!" ಎಂದರು. ಹದಿಮೂರು ದಿನದ ಗಂಗಾ ನನ್ನನ್ನು ನೋಡುತ್ತಿದ್ದಳು. ನಾನು ಅವಳ ಕಣ್ಣು ತಪ್ಪಿಸಿದೆ.

ಅಂದಿನಿಂದ ಗಂಗಾ ನನ್ನ ತೊಡೆಯಿಂದ ಇಳಿಯಲಿಲ್ಲ. ಯಾರು ಬಂದರೂ ನನ್ನ ಕೈಯಲ್ಲಿ ಕೂಸು. ಕೆಮ್ಮು ನಿಂತಿತು, ಕ್ಷಯ ವಾಸಿಯಾಯಿತು. ಕಟ್ಟೆಯ ಮೇಲೆ ಕೂತೆ, ಬೀದಿಗೆ ಹೋದೆ, ಗೆಳೆಯರೊಂದಿಗೆ ನಕ್ಕೆ. "ಗುಮಾಸ್ತರಿಗೆ ಮೊಮ್ಮಗಳಂದ್ರ ಜೀವ" ಎಂದು ಊರು ಹೊಗಳಿತು. ನೀಲಮ್ಮ ಮಾತ್ರ ದಿನಕ್ಕೆ ಹತ್ತು ಸಲ ಬಟ್ಟೆ ಬದಲಿಸಲು ಬಂದು, ಒಣಗಿದ್ದ ಬಟ್ಟೆಯನ್ನು ಮುಟ್ಟಿ ನೋಡಿ ಪೆಚ್ಚಾಗಿ ಹಿಂತಿರುಗುತ್ತಿದ್ದಳು. ಶಂಕ್ರಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ನನ್ನ ಮುಂದೆ ತಟ್ಟೆ ಇಡುತ್ತಾ, "ನಡಸ್ರಿ. ಕೂಸಿಗೆ ಮಾತ ಬರೂತನಕ ನಡಸ್ರಿ" ಎಂದಳು. ನಾನು ರೊಟ್ಟಿ ಮುರಿದೆ.

ಮಾತು ಬರುವ ತನಕ ಕೂಸು ನಮ್ಮಲ್ಲಿ ಇರುವುದಿಲ್ಲವಲ್ಲ. ಐದು ತಿಂಗಳಿಗೆ ಗೌಡರು ಕರೆದೊಯ್ಯಲು ಬಂದರು. ಮಸ್ಕಿಯಲ್ಲಿ ಇಳಿಯಲು ಗುರಮ್ಮತ್ತೆಯೂ ಅದೇ ಬಸ್ಸು ಹತ್ತಿದಳು. ನೀಲಮ್ಮ ಗುರಮ್ಮತ್ತೆಯ ಪಕ್ಕದಲ್ಲಿ, ಗೌಡರು ಕಿಟಕಿಯ ಹತ್ತಿರ, ಅವರ ತೊಡೆಯ ಮೇಲೆ ಗಂಗಾ. ನಾನು ಕೆಳಗೆ ನಿಂತು ಚಿಕ್ಕ ಹುಡುಗನಂತೆ ಅತ್ತೆ. ಬಸ್ಸಿನವರೆಲ್ಲ ಅಯ್ಯೋ ಎಂದರು. ಎಷ್ಟು ಅಳು ಮೊಮ್ಮಗಳಿಗೆ, ಎಷ್ಟು ನನಗೆ ಎಂದು ಕೇಳಿದರೆ ಆಗ ಹೇಳಲಾಗುತ್ತಿರಲಿಲ್ಲ. ಈಗ ಕೇಳಿದರೆ, ಹೆಚ್ಚಿನದು ಅವಳಿಗೇ. ಅವಳ ಆ ಬೆಚ್ಚನೆಯ ಭಾರ ತೊಡೆಯ ಮೇಲಿದ್ದರೆ ನಾನು ಮೊದಲಿನ ಮನುಷ್ಯನಾಗಿರುತ್ತಿದ್ದೆ.

ಡ್ರೈವರು ಇನ್ನೂ ಇಂಜಿನ್ ಶುರು ಮಾಡಿರಲಿಲ್ಲ. ಎಲ್ಲರೂ ನನ್ನ ಅಳು ನೋಡುತ್ತಾ ಸುಮ್ಮನಿದ್ದರು. ಗಿರದಾವರನಿಗೆ ಬೇಕಾದದ್ದೂ ಅದೇ. ಅಷ್ಟು ಸ್ಪಷ್ಟವಾಗಿ ಅವನು ಎಂದೂ ಮಾತಾಡಿರಲಿಲ್ಲ. ರೂಢಿಯಂತೆ ನಾನು ಕೂಸನ್ನು ನೋಡಿದೆ. ಕೂಸು ನನ್ನಿಂದ ಮೂರು ಮಾರು ದೂರ, ಬಸ್ಸಿನ ಕಿಟಕಿಯ ಸರಳಿನ ಆಚೆ, ಗಾಢ ನಿದ್ದೆಯಲ್ಲಿತ್ತು. ವೀರನಗೌಡರು ಮುಖದ ಒಂದು ಗೆರೆಯೂ ಅಲುಗದಂತೆ ಅದರ ಬೆನ್ನು ತಟ್ಟಿ, "ಗಟ್ಟಿ ಕೂಸು" ಎಂದರು.

ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ತೊಟ್ಟಿಲ ದಿನದಿಂದ ಗೊತ್ತಿತ್ತು. ನನ್ನ ಕಿವಿಯವರೆಗೂ ಬಿಸಿಯಾಯಿತು. ಇನ್ನು ತಡೆದುಕೊಳ್ಳಲಾರದೆ, ಕಿಟಕಿಯ ಸರಳು ಹಿಡಿದು, ಇಡೀ ಬಸ್ಸಿಗೆ ಕೇಳುವಂತೆ ಕೂಗಿದೆ: "ಅಲ್ರೀ ಗೌಡ್ರ! ಅದು ಕೂಸಿಂದಲ್ಲ, ನಂದು! ಅವತ್ತಿಂದೂ ನಂದ! ಎಲ್ಲಾ ನಂದ! ನನಗ ಹೊಟ್ಟ್ಯಾಗಿಂದ ದಾರಿ ಮಾಡ್ಯಾರ!"

"ಯಾರದರ ಆಗವಲ್ದ್ಯಾಕ್ರೀ, ಗಾಡಿ ಬಿಟ್ಟು ಸರೀರಿ!" ಎಂದ ಕಂಡಕ್ಟರು. "ರೈಟ್!"

ಬಸ್ಸು ಹೋಯಿತು. ಧೂಳಿನಲ್ಲಿ ನಾನು ನಿಂತೇ ಇದ್ದೆ. ಆ ಮಾತನ್ನು ಆಡಿದರೆ ಆಕಾಶ ಕಳಚಿ ಬೀಳುತ್ತದೆಂದು, ಮಗಳ ಹೆರಿಗೆಯ ಕೋಣೆಯನ್ನು ಕೂಡ ಬಿಡದೆ ಅಡಗಿದ್ದವನು ನಾನು. ಬಸ್‌ಸ್ಟ್ಯಾಂಡಿನಲ್ಲಿ ಇಷ್ಟೊಂದು ಜನ ಇದ್ದರು. ಕಡಲೆ ಮಾರುವವನು ಕಡಲೆ ಮಾರುತ್ತಿದ್ದ. ಇಬ್ಬರು ಸಿಂಧನೂರಿನ ಬಸ್ಸು ತಪ್ಪಿತೆಂದು ಜಗಳವಾಡುತ್ತಿದ್ದರು.

"ಕೇಳಿದಿಯಾ, ನಾ ಅಂದದ್ದು?" ಎಂದೆ ಪಕ್ಕದಲ್ಲಿದ್ದ ಶಂಕ್ರಮ್ಮನಿಗೆ.

"ಎಲ್ಲಾರಿಗೂ ಗೊತ್ತಿದ್ದದ್ದನ್ನ ಏನ ಕೇಳೂದು? ನಡೀರಿ, ಹಿಟ್ಟ ನಾದಬೇಕು" ಎಂದು ಅವಳು ಮುಂದೆ ನಡೆದಳು.

ಒಂದು ವರ್ಷ ಜೀವ ತೇದು ಕಾಪಾಡಿದ ಗುಟ್ಟು ಅದು. ಒಬ್ಬನಾದರೂ ತಿರುಗಿ ನೋಡಿ "ಹೌದೇನ್ರಿ?" ಎನ್ನಬಾರದಿತ್ತೇ? ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಮನೆ ಮುಟ್ಟುವ ತನಕ ನಾನು ಅವಳೊಂದಿಗೆ ಮಾತಾಡಲಿಲ್ಲ.